ಪರಕಾಯ ಪ್ರವೇಶ

ಮನುಷ್ಯನಿಗೆ ವಯಸ್ಸಾದರೆ ಮೊದಲು ಸೋಲುವುದು ಕೈಕಾಲು. ಮಂಡಿ ನೋಯುತ್ತದೆ, ಕಣ್ಣು ಮಂಜಾಗುತ್ತದೆ, ಹಲ್ಲುಗಳು ಒಂದೊಂದಾಗಿ ರಾಜೀನಾಮೆ ಕೊಡುತ್ತವೆ. ಬುದ್ಧಿ ಮಾತ್ರ ಜಗಲಿಯ ಮೇಲೆ ಕುಳಿತು ಬಂದವರಿಗೆಲ್ಲ ಉಪದೇಶ ಮಾಡುವಷ್ಟು ಗಟ್ಟಿಯಾಗಿರುತ್ತದೆ. ಸಿ.ಎನ್.ಸಿ. ಯಂತ್ರದ ಸಂಗತಿ ಇದಕ್ಕೆ ತದ್ವಿರುದ್ಧ. ಮೂವತ್ತು ವರ್ಷ ದುಡಿದರೂ ಅದರ ಮೈ ಕಲ್ಲುಗುಂಡಿನ ಹಾಗಿರುತ್ತದೆ. ಮೊದಲು ಕೆಡುವುದು ತಲೆ. ಕೈಕಾಲು ಗಟ್ಟಿಯಾಗಿದ್ದು ನೆನಪು ಹೋದ ಮುದುಕನನ್ನು ಕಂಡವರಿಗೆ ಆ ಸಂಕಟ ಎಂಥದೆಂದು ಗೊತ್ತು. ಯಂತ್ರದ ವಿಷಯದಲ್ಲಾದರೋ ಒಂದು ಅನುಕೂಲವಿದೆ. ಅದಕ್ಕೆ ಬೇರೆ ತಲೆ ಕೂರಿಸಬಹುದು.

ಸಿ.ಎನ್.ಸಿ. ಎಂದರೇನೆಂದು ಕೇಳುವ ಓದುಗರೂ ಇದ್ದಾರು. ಲೇತು, ಮಿಲ್ಲಿಂಗ್ ಯಂತ್ರ ಮುಂತಾದವುಗಳಲ್ಲಿ ಹಿಂದೆ ಕೆಲಸಗಾರನೇ ಚಕ್ರ ತಿರುವಿ ಉಳಿಯನ್ನು ಮುಂದಕ್ಕೂ ಹಿಂದಕ್ಕೂ ಸರಿಸುತ್ತಿದ್ದ. ಈಗ ಆ ಚಕ್ರಗಳ ಜಾಗದಲ್ಲಿ ಮೋಟಾರುಗಳಿವೆ. ಎಷ್ಟು ದೂರ, ಎಷ್ಟು ವೇಗ, ಯಾವ ದಿಕ್ಕು ಎಂಬುದನ್ನು ಅಂಕಿಗಳಲ್ಲಿ ಬರೆದುಕೊಟ್ಟರೆ ಒಂದು ಕಂಪ್ಯೂಟರು ಅದನ್ನೋದಿ ಮೋಟಾರುಗಳಿಗೆ ಅಪ್ಪಣೆ ಕೊಡುತ್ತದೆ. ಈ ಅಪ್ಪಣೆ ಕೊಡುವ ಪೆಟ್ಟಿಗೆಯೇ ಯಂತ್ರದ ತಲೆ. ಅದಕ್ಕೆ ಕಂಟ್ರೋಲರು ಎಂದು ಹೆಸರು.

ಮೈ ಏಕೆ ಬಾಳುತ್ತದೆ ಎಂಬುದಕ್ಕೆ ಕಾರಣವಿದೆ. ಯಂತ್ರದ ಬುಡ ಎರಕದ ಕಬ್ಬಿಣದ್ದು. ಎರಕ ಹೊಯ್ದು ತಣಿಯುವಾಗ ಅದರೊಳಗೆ ಬಿಗುಪು ಉಳಿಯುತ್ತದೆ. ದಪ್ಪ ಭಾಗ ನಿಧಾನವಾಗಿ ತಣಿದು, ತೆಳು ಭಾಗ ಬೇಗ ತಣಿದು, ಒಂದನ್ನೊಂದು ಜಗ್ಗಾಡುತ್ತಿರುತ್ತವೆ. ಹಿಂದಿನವರು ಇಂಥ ಎರಕಗಳನ್ನು ಕಾರ್ಖಾನೆಯ ಹಿತ್ತಲಲ್ಲಿ ಬಿಸಿಲಿಗೂ ಮಳೆಗೂ ತಿಂಗಳುಗಟ್ಟಲೆ ಬಿಟ್ಟಿರುತ್ತಿದ್ದರು. ಉಪ್ಪಿನಕಾಯಿ ಜಾಡಿಯಲ್ಲಿ ಕೂತು ಹದಕ್ಕೆ ಬಂದ ಹಾಗೆ ಕಬ್ಬಿಣವೂ ಹದಕ್ಕೆ ಬರುತ್ತಿತ್ತು. ಆಮೇಲೆ ಕುಶಲಿಗಳು ಅದರ ಜಾರುದಾರಿಗಳ ಮೇಲೆ ನೀಲಿ ಬಣ್ಣ ಸವರಿ, ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ಕೈಯಿಂದ ಹೆರೆದು, ಮತ್ತೆ ಬಣ್ಣ ಸವರಿ, ಮತ್ತೆ ಹೆರೆದು ಸಮ ಮಾಡುತ್ತಿದ್ದರು. ಹಾಗೆ ಹೆರೆದ ಮೈ ಸುಲಭವಾಗಿ ಹಾಳಾಗುವುದಿಲ್ಲ. ವರ್ಷ ಕಳೆದಂತೆ ಉಳಿದ ಬಿಗುಪೂ ಸಡಿಲಿ ಅದು ಇನ್ನಷ್ಟು ಸ್ಥಿರವಾಗುತ್ತದೆ.

ತಲೆಯ ಕತೆ ಹಾಗಲ್ಲ. ಅಮೆರಿಕದ ಮಿಷಿಗನ್ನಿನಲ್ಲಿ ಜಾನ್ ಪಾರ್ಸನ್ಸ್ ಎಂಬಾತ ಹೆಲಿಕಾಪ್ಟರಿನ ರೆಕ್ಕೆಗಳನ್ನು ಮಾಡುತ್ತಿದ್ದ. ಅವುಗಳ ಬಾಗು ಬಳಕನ್ನು ಅಂಕಿಗಳಿಂದಲೇ ಕೊರೆಯಬಹುದಲ್ಲ ಎಂದು ಅವನಿಗೆ ಹೊಳೆಯಿತು. ಅಲ್ಲಿನ ವಾಯುಪಡೆ ಹಣ ಕೊಟ್ಟಿತು, ಎಂ.ಐ.ಟಿ.ಯ ಪಂಡಿತರು ೧೯೫೨ರಲ್ಲಿ ಇಂಥದೊಂದು ಮಿಲ್ಲಿಂಗ್ ಯಂತ್ರವನ್ನು ನಡೆಸಿ ತೋರಿಸಿದರು. ಅಪ್ಪಣೆಗಳೆಲ್ಲ ತೂತು ಹೊಡೆದ ಕಾಗದದ ಪಟ್ಟಿಯ ಮೇಲಿದ್ದವು. ತಲೆಯೋ ಯಂತ್ರಕ್ಕಿಂತ ದೊಡ್ಡದಾಗಿತ್ತು. ಮರುವರ್ಷ, ೧೯೫೩ರಲ್ಲಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಾಯದಿಂದ ನಮ್ಮ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಹುಟ್ಟಿತು. ೧೯೬೨ರಲ್ಲಿ ಜೆಕೊಸ್ಲೊವಾಕಿಯದ ನೆರವಿನಿಂದ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಕೇಂದ್ರೀಯ ಸಂಸ್ಥೆ ಬಂತು. ಯಂತ್ರ ಮಾಡುವ ಯಂತ್ರಕ್ಕೆ ಬೆಂಗಳೂರು ಹೀಗೆ ತವರುಮನೆಯಾಯಿತು. ಆದರೂ ಬಹುಕಾಲ ನಡೆದದ್ದು ಹೀಗೆ: ಮೈ ನಮ್ಮೂರಿನದು, ತಲೆ ಹೊರದೇಶದ್ದು. ಕಬ್ಬಿಣ ಇಲ್ಲಿ ಹೊಯ್ಯುತ್ತಿದ್ದೆವು, ಬುದ್ಧಿಯನ್ನು ಹಡಗಿನಲ್ಲಿ ತರಿಸುತ್ತಿದ್ದೆವು.

ಇಷ್ಟೆಲ್ಲ ಪೀಠಿಕೆ ನಮ್ಮ ಬಾಗಲೂರಿನ ಒಂದು ಯಂತ್ರಕ್ಕಾಗಿ. ಬಾಗಲೂರು ಈಗ ಹಳ್ಳಿಯೂ ಅಲ್ಲ, ಪೂರ್ತಿ ಪಟ್ಟಣವೂ ಅಲ್ಲ. ದ್ರಾಕ್ಷಿ ಚಪ್ಪರಗಳ ಈ ಸೀಮೆಯಲ್ಲಿ ೨೦೦೮ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಭೂಮಿಯ ಬೆಲೆಗೂ ರೆಕ್ಕೆ ಬಂತು. ಚಪ್ಪರ ಇಳಿದ ಎಷ್ಟೋ ಕಡೆ ಬಡಾವಣೆಯ ಕಲ್ಲು ನೆಟ್ಟರು, ಕೆಲವು ಕಡೆ ತಗಡಿನ ಷೆಡ್ಡು ಎದ್ದಿತು. ಅಂಥ ಒಂದು ಷೆಡ್ಡು ನನ್ನ ತಂಗಿಯ ಗಂಡನದು. ಅದರಲ್ಲಿ ೧೯೮೯ರಲ್ಲಿ ಮಾಡಿದ, ನಾಲ್ಕು ಟನ್ ತೂಗುವ ಮಿಲ್ಲಿಂಗ್ ಯಂತ್ರ. ಅದನ್ನು ನಂಬಿಕೊಂಡು ನಾಲ್ಕು ಸಂಸಾರ. ಅದರ ಮುಂದೆ ಇಪ್ಪತ್ತಾರು ವರ್ಷದಿಂದ ನಿಂತಿರುವವರು ನಮ್ಮ ಮೇಸ್ತ್ರಿ. ನಾನು ಒಂದು ಕಾರ್ಖಾನೆಯ ವಿದ್ಯುತ್ ದುರಸ್ತಿ ವಿಭಾಗದಿಂದ ನಿವೃತ್ತನಾದವನು; ಸಂಜೆ ಹೊತ್ತು ಅಲ್ಲಿ ಹೋಗಿ ಕೂರುವುದು ನನಗೆ ದೇವಸ್ಥಾನಕ್ಕೆ ಹೋದಂತೆ.

ಒಂದು ಸೋಮವಾರ ಬೆಳಿಗ್ಗೆ ಯಂತ್ರ ಏಳಲಿಲ್ಲ. ಪರದೆ ಕಪ್ಪಗಿತ್ತು. ಬಿಚ್ಚಿ ನೋಡಿದರೆ ಬೋರ್ಡಿನ ಮೇಲಿನ ಕೆಪಾಸಿಟರುಗಳು ಒಣಗಿ ಉಬ್ಬಿದ್ದವು. ಯಂತ್ರದ ನೆನಪನ್ನು ಕಾಯುವ ಪುಟ್ಟ ಬ್ಯಾಟರಿಯೂ ಸತ್ತಿತ್ತು. ಅದರೊಡನೆ ಸ್ಕ್ರೂವಿನ ಅಳತೆ, ಮೋಟಾರಿನ ಹದ, ಮನೆ ಎಲ್ಲಿ, ಗಡಿ ಎಲ್ಲಿ ಎಂಬ ಸಾವಿರಾರು ಅಂಕಿಗಳೂ ಹೋಗಿದ್ದವು. ಕಂಟ್ರೋಲರು ಮಾಡಿದ ಕಂಪನಿಯ ಹೆಸರು ಇಲ್ಲಿ ಬೇಡ. ಆ ಮಾದರಿಯ ಬಿಡಿಭಾಗ ನಿಲ್ಲಿಸಿ ಬಹಳ ವರ್ಷವಾಯಿತು, ಹೊಸ ಕಂಟ್ರೋಲರನ್ನೇ ಹಾಕಿಸಿಕೊಳ್ಳಿ ಎಂದು ಬಹು ಮರ್ಯಾದೆಯಿಂದ ಬರೆದರು. ಅದರ ಬೆಲೆ ಕೇಳಿ ನನ್ನ ತಂಗಿಯ ಗಂಡ ಎರಡು ಲೋಟ ನೀರು ಕುಡಿದ. ಹೊಸ ಯಂತ್ರವೆಂದರೆ ೨೦ ಲಕ್ಷದ ಮೇಲಿನ ಮಾತು. ಗುಜರಿಯವನು ಮಾತ್ರ ಕರೆಯದೆಯೇ ಬಂದ. ಕಿಲೋಗೆ ೩೫ ರೂಪಾಯಿಯಂತೆ ೧ ಲಕ್ಷ ೪೦ ಸಾವಿರ ಎಂದ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರಲ್ಲ, ಆ ಲೆಕ್ಕ.

“ಏನು ಮಾಡಲಿ ಭಾವ?” ಎಂದು ಆತ ಕೇಳಿದಾಗ ಮೇಸ್ತ್ರಿ ಅಲ್ಲೇ ಹತ್ತಿಯ ವೇಸ್ಟಿನಿಂದ ಯಂತ್ರದ ಮೇಜನ್ನು ಒರೆಸುತ್ತಿದ್ದರು. ನಿಂತ ಯಂತ್ರವನ್ನು ಒರೆಸುವುದೇನಿತ್ತು? ಆ ವಾರವೆಲ್ಲ ಅವರು ಅದನ್ನು ದಿನವೂ ಒರೆಸಿದರು.

ಹಳೆಯ ಕಾಲದ ಶಾನುಭೋಗರ ಕಡತ ನೆನಪಿದೆಯೇ? ಭೂಮಿ ರೈತನದು, ಉಳುವವನು ರೈತ, ಕಂದಾಯ ಕಟ್ಟುವವನೂ ಅವನೇ. ಆದರೆ ಅದು ಅವನದೆಂದು ಹೇಳುವ ಬರಹ ಮೋಡಿ ಅಕ್ಷರದಲ್ಲಿ, ಶಾನುಭೋಗರ ಮನೆಯ ಅಟ್ಟದ ಮೇಲೆ. ಓದಬಲ್ಲವರು ಅವರೊಬ್ಬರೇ. ಶಾನುಭೋಗರು ಸತ್ಯವಂತರಾಗಿದ್ದರೆ ಸರಿಯೇ ಸರಿ; ಆದರೂ ರೈತ ತನ್ನ ಹೊಲದ ಎಲ್ಲೆ ತಿಳಿಯಲು ಇನ್ನೊಬ್ಬರ ಬಾಗಿಲಲ್ಲಿ ಕಾಯಬೇಕಿತ್ತು. ನಮ್ಮ ಯಂತ್ರದ ಸ್ಥಿತಿಯೂ ಅದೇ. ನಾಲ್ಕು ಟನ್ ಕಬ್ಬಿಣ ನಮ್ಮದು. ಅದು ಹೇಗೆ ನಡೆಯಬೇಕೆಂಬ ಬರಹ ಮಾತ್ರ ಕಂಪನಿಯ ಚಿಪ್ಪಿನೊಳಗೆ. ಅದನ್ನು ನಾವು ಓದುವಂತಿಲ್ಲ. ಕಂಪನಿಯವರು ಓದುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಹಾಗಾದರೆ ಈ ಯಂತ್ರ ನಿಜವಾಗಿ ಯಾರದು?

ಈ ಪ್ರಶ್ನೆಗೆ ದಾರಿ ತೋರಿಸಿದವಳು ತಂಗಿಯ ಮಗಳು. ಎಂಜಿನಿಯರಿಂಗ್ ಓದಿ, ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ. “ಮಾವ, ತಲೆಯನ್ನು ನಾವೇ ಕೂರಿಸೋಣ,” ಎಂದಳು. ಲಿನಕ್ಸ್‌ಸಿಎನ್‌ಸಿ ಎಂಬ ತಂತ್ರಾಂಶ ಇದೆಯಂತೆ, ದುಡ್ಡಿಲ್ಲ, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂದಳು. ಪುಕ್ಕಟೆ ಸಿಕ್ಕ ವಸ್ತುವಿನ ಮೇಲೆ ನಮ್ಮ ತಲೆಮಾರಿನವರಿಗೆ ಅನುಮಾನ ಜಾಸ್ತಿ. ಅದರ ಕುಲಗೋತ್ರ ವಿಚಾರಿಸಿದೆ. ಕುಲ ದೊಡ್ಡದೇ. ಅಮೆರಿಕ ಸರ್ಕಾರದ ಅಳತೆ ಮತ್ತು ಮಾನದಂಡಗಳ ಸಂಸ್ಥೆಯಾದ ನಿಸ್ಟ್‌ನವರು ೧೯೯೦ರ ದಶಕದಲ್ಲಿ ಇದನ್ನು ಆರಂಭಿಸಿದರು. ಸರ್ಕಾರಿ ಸಂಸ್ಥೆ ಮಾಡಿದ್ದಾದ್ದರಿಂದ ಅದು ಸಾರ್ವಜನಿಕರ ಸ್ವತ್ತಾಯಿತು. ಆಮೇಲೆ ದೇಶದೇಶಗಳ ಉತ್ಸಾಹಿಗಳು ಬೆಳೆಸಿದರು. ಮೊದಲು ಅದಕ್ಕೆ ಇ.ಎಂ.ಸಿ. ಎಂದು ಹೆಸರಿತ್ತು, ಅದೇ ಮೂರಕ್ಷರದ ಒಂದು ದೊಡ್ಡ ಕಂಪನಿ ಆಕ್ಷೇಪಿಸಿದ್ದರಿಂದ ೨೦೧೧ರಲ್ಲಿ ಹೆಸರು ಬದಲಾಯಿತು. ಮದುವೆಯಾಗಿ ಗಂಡನ ಮನೆಗೆ ಬಂದಮೇಲೆ ಹೆಸರು ಬದಲಾಯಿಸಿದ ಹುಡುಗಿಯರಂತೆ, ಹಳಬರ ಬಾಯಲ್ಲಿ ಇನ್ನೂ ಹಳೆಯ ಹೆಸರೇ.

ಕೆಲಸ ಶುರುವಾಯಿತು. ಮೋಟಾರುಗಳು, ಅವುಗಳಿಗೆ ಶಕ್ತಿ ಕೊಡುವ ಡ್ರೈವುಗಳು, ಎಷ್ಟು ತಿರುಗಿತೆಂದು ಎಣಿಸಿ ಹೇಳುವ ಎನ್‌ಕೋಡರುಗಳು, ಇವು ಸರಿಯಾಗಿದ್ದವು. ಅವನ್ನು ಮುಟ್ಟಲಿಲ್ಲ. ತಲೆಯನ್ನಷ್ಟೇ ಇಳಿಸಿ, ಆ ಜಾಗದಲ್ಲಿ ಒಂದು ಸಾಧಾರಣ ಕಂಪ್ಯೂಟರು, ಅದಕ್ಕೂ ಯಂತ್ರಕ್ಕೂ ನಡುವೆ ದುಭಾಷಿಯಾಗಿ ಅಮೆರಿಕದಿಂದ ತರಿಸಿದ ಒಂದು ಕಾರ್ಡು. ಹೇಳಲು ಇಷ್ಟೇ. ಆದರೆ ಬೀರುವಿನ ಬಾಗಿಲು ತೆಗೆದರೆ ನೂರಕ್ಕೆ ಮೇಲ್ಪಟ್ಟ ತಂತಿಗಳು ಅವರೆಬಳ್ಳಿಯಂತೆ ಹೆಣೆದುಕೊಂಡಿದ್ದವು, ಚೀಟಿಗಳೆಲ್ಲ ಎಣ್ಣೆಗೆ ಕರಗಿ ಉದುರಿದ್ದವು. ಮೂರು ಭಾನುವಾರ ನಾನೂ ಅವಳೂ ಮೀಟರು ಹಿಡಿದು ಒಂದೊಂದೇ ತಂತಿಯ ಎರಡು ತುದಿ ಹುಡುಕಿ ಹೆಸರು ಬರೆದೆವು. ನಿವೃತ್ತಿಯಾದ ಮೇಲೆ ಅಷ್ಟು ಸಂತೋಷದ ಭಾನುವಾರಗಳನ್ನು ನಾನು ಕಂಡಿರಲಿಲ್ಲ.

ನಿಜವಾದ ತೊಡಕು ಬಂದದ್ದು ಉಳಿ ಬದಲಿಸುವ ತೋಳಿನಲ್ಲಿ. ಒಂದು ಉಳಿ ಇಳಿಸಿ ಇನ್ನೊಂದನ್ನು ಸ್ಪಿಂಡಲ್ಲಿಗೆ ಸಿಕ್ಕಿಸುವ ಆ ತೋಳು ಯಾವ ಕ್ರಮದಲ್ಲಿ ಚಲಿಸಬೇಕೆಂಬುದು ಹಳೆಯ ಚಿಪ್ಪಿನೊಳಗಿತ್ತು. ಪುಸ್ತಕದಲ್ಲಿ ಆ ಭಾಗದ ಹಾಳೆಗಳೇ ಇರಲಿಲ್ಲ. ಕ್ರಮ ತಪ್ಪಿದರೆ ತೋಳು ಮುರಿಯುತ್ತದೆ. ಮುರಿದರೆ ಗುಜರಿಯವನೇ ಗತಿ. ಎರಡು ದಿನ ಹುಡುಗಿ ಊಟ ಸರಿಯಾಗಿ ಮಾಡಲಿಲ್ಲ.

ಆಗ ಮೇಸ್ತ್ರಿ, “ಅಮ್ಮಣ್ಣಿ, ಅದು ನಂಗೆ ಗೊತ್ತಲ್ಲ!” ಎಂದರು.

“ಹೇಗೆ ಗೊತ್ತು ಮೇಸ್ತ್ರಿಗಳೇ? ಬಾಗಿಲು ಮುಚ್ಚಿರುತ್ತಿತ್ತಲ್ಲ?”

“ಕಿವಿ ಮುಚ್ಚಿರಲಿಲ್ಲವಲ್ಲಮ್ಮ.”

ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದರು. “ಮೊದಲು ಸ್ಪಿಂಡಲ್ಲು ನಿಧಾನ ಆಗಿ ಒಂದು ಕಡೆ ಮುಖ ಮಾಡಿ ನಿಲ್ತದೆ. ‘ಟಕ್’ ಅಂತದೆ. ಆಮೇಲೆ ತೋಳು ಬಂದು ಹಿಡೀತದೆ. ಹಿಡಿದ ಮೇಲೆ ‘ಉಸ್’ ಅಂತ ಗಾಳಿ. ಗಾಳಿ ಪೂರ್ತಿ ಬಿಟ್ಟ ಮೇಲೇ ತೋಳು ಇಳೀಬೇಕು, ಮುಂಚೆ ಇಳಿದ್ರೆ ಕೆಡ್ತು. ಇಳಿದು ಅರ್ಧ ಸುತ್ತು. ಮೇಲಕ್ಕೆ. ಮತ್ತೆ ‘ಟಕ್’. ತೋಳು ವಾಪಸ್ಸು ಮನೆಗೆ. ಚಳಿಗಾಲದಾಗೆ ಬೆಳಿಗ್ಗೆ ಮೊದಲನೇ ಸಲ ಇಳಿಯೋದು ಸ್ವಲ್ಪ ಸೋಮಾರಿ, ಅದಕ್ಕೆ ಅವಸರ ಮಾಡಬಾರ್ದು.”

ಹುಡುಗಿ ಬರೆದುಕೊಳ್ಳುತ್ತಿದ್ದಳು. ವೇದ ಕಲಿತವರು, ಜನಪದ ಗಾಯಕರು ತಲೆಯಲ್ಲಿಟ್ಟುಕೊಂಡದ್ದನ್ನು ಇನ್ನೊಬ್ಬರು ಬರಹಕ್ಕಿಳಿಸುವುದನ್ನು ಕೇಳಿದ್ದೇನೆ. ಕಣ್ಣಾರೆ ಕಂಡದ್ದು ಆವತ್ತು. ಇಪ್ಪತ್ತಾರು ವರ್ಷ ಒಬ್ಬನ ಕಿವಿಯಲ್ಲಿದ್ದುದು ಅರ್ಧ ಗಂಟೆಯಲ್ಲಿ ಕಾಗದಕ್ಕೆ ಬಂತು. ಪ್ರತಿ ಹೆಜ್ಜೆಗೂ ಅವಳು, “ಇದು ಮುಗಿಯಿತೆಂದು ಯಂತ್ರಕ್ಕೆ ಹೇಗೆ ತಿಳಿಯುತ್ತಿತ್ತು?” ಎಂದು ಕೇಳಿದಳು. ಹುಡುಕಿದಾಗ ತೋಳಿನ ಹಿಂದೆ ಮೇಸ್ತ್ರಿಯೂ ಎಂದೂ ನೋಡಿರದ ಪುಟ್ಟ ಸ್ವಿಚ್ಚುಗಳು ಸಿಕ್ಕವು. ಇಷ್ಟು ಹೊತ್ತು ಕಾಯಿ ಎಂದು ಬರೆಯುವ ಬದಲು, ಸ್ವಿಚ್ಚು ‘ಆಯಿತು’ ಎನ್ನುವ ತನಕ ಕಾಯಿ ಎಂದು ಬರೆದಳು. ಚಳಿಗಾಲದ ಸೋಮಾರಿತನಕ್ಕೂ ಹೀಗೆ ರಜೆ ಮಂಜೂರಾಯಿತು.

ಒಂದು ವಿಷಯದಲ್ಲಿ ನಾನು ಹಟ ಹಿಡಿದೆ. ಅಪಾಯದಲ್ಲಿ ಒತ್ತುವ ಕೆಂಪು ಗುಂಡಿ ಕಂಪ್ಯೂಟರಿನ ಅಪ್ಪಣೆ ಕಾಯಬಾರದು. ಅದರ ತಂತಿ ನೇರವಾಗಿ ಮೋಟಾರುಗಳ ಶಕ್ತಿಯನ್ನೇ ಕಡಿಯಬೇಕು. ತಲೆ ಕೆಟ್ಟಾಗಲೇ ಅಲ್ಲವೇ ಆ ಗುಂಡಿ ಬೇಕಾಗುವುದು? ತಲೆಯನ್ನೇ ಕೇಳಿ ನಿಲ್ಲಿಸುವುದೆಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ. ಅವಳು ಆಗಲೇ ಹಾಗೆಯೇ ಯೋಚಿಸಿದ್ದಳು. ಮೊದಲ ಸಲ ಮೋಟಾರನ್ನು ತಿರುಗಿಸುವಾಗ ಬೆಲ್ಟು ಕಳಚಿಟ್ಟೇ ತಿರುಗಿಸಿದಳು. ಎಣಿಕೆಯ ದಿಕ್ಕು ತಿರುಗುಮುರುಗಾಗಿದ್ದರೆ ಯಂತ್ರ ತನ್ನನ್ನು ತಿದ್ದಿಕೊಳ್ಳಲು ಹೋಗಿ ಇನ್ನಷ್ಟು ದೂರ ಓಡುತ್ತದೆ. ಸಾಲ ತೀರಿಸಲು ಸಾಲ ಮಾಡುವವನ ಹಾಗೆ.

ಆಮೇಲೆ ಹದ ಕೂರಿಸುವ ಕೆಲಸ. ಹೊಸ ತಲೆ ಪ್ರತಿ ಮೋಟಾರನ್ನೂ ಸೆಕೆಂಡಿಗೆ ೧೦೦೦ ಸಲ ಕೇಳುತ್ತದೆ: ಎಲ್ಲಿದ್ದೀಯೆ, ಎಲ್ಲಿರಬೇಕಾಗಿತ್ತು? ವ್ಯತ್ಯಾಸ ಕಂಡರೆ ತಳ್ಳುತ್ತದೆ. ಈ ಸಾವಿರ ಪ್ರಶ್ನೆಗಳಲ್ಲಿ ಒಂದೂ ತಡವಾಗಬಾರದು. ಮನೆಯ ಕಂಪ್ಯೂಟರಿನಲ್ಲಿ ಒಂದು ಅಕ್ಷರ ತಡವಾಗಿ ಮೂಡಿದರೆ ಯಾರಿಗೂ ನಷ್ಟವಿಲ್ಲ. ಮೃದಂಗದವನು ಒಂದು ಪೆಟ್ಟು ತಡವಾಗಿ ಕೊಟ್ಟರೆ ಕಛೇರಿಯೇ ಕೆಡುತ್ತದೆ. ೧೯೯೧ರಲ್ಲಿ ಲೀನಸ್ ಟಾರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಲಿನಕ್ಸಿಗೆ ಈ ತಾಳಜ್ಞಾನ ಮೊದಲು ಇರಲಿಲ್ಲ. ಅದನ್ನು ಕಲಿಸುವ ಸೇರ್ಪಡೆಯನ್ನು ಹಲವರು ಸುಮಾರು ಇಪ್ಪತ್ತು ವರ್ಷ ಹೊರಗೇ ಇಟ್ಟು ತಿದ್ದಿದರು; ಅದು ಪೂರ್ತಿಯಾಗಿ ಮೂಲದಲ್ಲೇ ಸೇರಿದ್ದು ೨೦೨೪ರಲ್ಲಿ. ಸಂಗೀತ ಕಲಿಯಲು ಇಪ್ಪತ್ತು ವರ್ಷವೆಂದರೆ ಹೆಚ್ಚೇನೂ ಅಲ್ಲ.

ತಳ್ಳುವುದು ಕಡಿಮೆಯಾದರೆ ಮೇಜು ಹಿಂದೆ ಬೀಳುತ್ತದೆ, ಹೆಚ್ಚಾದರೆ ನಡುಗುತ್ತದೆ. ಹುಡುಗಿ ಪರದೆಯ ಮೇಲಿನ ಗೆರೆ ನೋಡಿ ಅಂಕಿ ಏರಿಸುತ್ತಿದ್ದಳು. ಮೇಸ್ತ್ರಿ ಮೇಜಿನ ಅಂಚಿಗೆ ಅಂಗೈ ಇಟ್ಟು ನಿಂತಿದ್ದರು. ಒಂದು ಹಂತದಲ್ಲಿ, “ಸಾಕಮ್ಮ, ಇದು ಹಾಡೋಕೆ ಶುರು ಮಾಡ್ತು,” ಎಂದರು. ಪರದೆಯಲ್ಲಿ ಗೆರೆ ಆಗಷ್ಟೇ ಸಣ್ಣಗೆ ಅಲೆಯಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ನೋಟದಲ್ಲಿ ಸಂಬಳ ಪಡೆಯುವವನು ಯಾರು, ಯಜಮಾನನ ಮಗಳು ಯಾರು ಎಂಬುದು ಕಾಣಲಿಲ್ಲ. ಒಂದೇ ವಿದ್ಯೆಯ ಇಬ್ಬರು ಕಂಡರು.

ಕೊನೆಗೆ ಪರೀಕ್ಷೆ. ಅಲ್ಯುಮಿನಿಯಂ ತುಂಡಿನಲ್ಲಿ ಒಂದು ವೃತ್ತ ಕೊರೆಯಿತು. ಬರಿಗಣ್ಣಿಗೆ ಪೂರ್ಣಚಂದ್ರ, ಡಯಲ್ ಗೇಜು ಇಟ್ಟರೆ, ದಿಕ್ಕು ಬದಲಾಗುವ ಕಡೆಗಳಲ್ಲಿ ೨೦ ಮೈಕ್ರಾನಿನಷ್ಟು ಉಬ್ಬು. ಕೂದಲಿಗಿಂತಲೂ ಎಷ್ಟೋ ಸಣ್ಣದು. ಸ್ಕ್ರೂ ಸವೆದು ಬಂದ ಸಡಿಲ ಅದು. ಮೇಸ್ತ್ರಿ ನಕ್ಕರು. ಮುಖ್ಯವಾದ ತೂತುಗಳಿಗೆ ಉಳಿಯನ್ನು ಯಾವಾಗಲೂ ಎಡದಿಂದಲೇ ತರಬೇಕೆಂದು ಅವರು ಹುಡುಗರಿಗೆ ಹೇಳುತ್ತಿದ್ದುದು ಇದಕ್ಕೇ ಅಂತೆ. ಎಡದ ಶಕುನ ಎಂದು ಹುಡುಗರು ತಿಳಿದಿದ್ದರು. ಸಡಿಲದ ಅಳತೆಯನ್ನು ಅಂಕಿಯಾಗಿ ಹೊಸ ತಲೆಗೆ ತಿಳಿಸಿದರೆ ಅದು ತಿರುಗುವಾಗ ಅಷ್ಟನ್ನು ಸೇರಿಸಿಕೊಂಡು ನಡೆಯುತ್ತದೆ. ತಿಳಿಸಿದೆವು, ಉಬ್ಬು ಬಹುಮಟ್ಟಿಗೆ ಇಳಿಯಿತು. ಆದರೂ ಹೊಸ ಬುದ್ಧಿ ಹಳೆಯ ಸವೆತವನ್ನು ತುಂಬಿಕೊಡುವುದಿಲ್ಲ. ಉಳಿ ಗಟ್ಟಿಯಾಗಿ ಕಚ್ಚಿದಾಗ ಸಡಿಲ ಸಡಿಲವೇ. ಮುಂದೊಂದು ದಿನ ಸ್ಕ್ರೂ ಬದಲಿಸಬೇಕು. ಅಲ್ಲಿಯವರೆಗೆ ಅದರ ದೌರ್ಬಲ್ಯವನ್ನು ತಿಳಿದು ನಡೆಸಿಕೊಳ್ಳಬೇಕು, ಸಂಸಾರದಲ್ಲಿ ನಡೆಸಿಕೊಳ್ಳುವಂತೆ.

ಕಾರ್ಡು, ಕಂಪ್ಯೂಟರು, ತಂತಿ, ರಿಲೇ ಎಲ್ಲ ಸೇರಿ ಖರ್ಚು ಸುಮಾರು ೧ ಲಕ್ಷ. ನಮ್ಮ ಭಾನುವಾರಗಳಿಗೆ ಬೆಲೆ ಕಟ್ಟಲಿಲ್ಲ. ಇದೇ ಎಲ್ಲರಿಗೂ ತಕ್ಕ ದಾರಿಯೆಂದು ನಾನು ಹೇಳಲಾರೆ. ಕೆಟ್ಟರೆ ಫೋನು ಮಾಡಿ ಕರೆಸಲು ಕಂಪನಿಯ ಎಂಜಿನಿಯರಿಲ್ಲ. ಹಳೆಯ ಕೆಲವು ಪ್ರೋಗ್ರಾಮುಗಳನ್ನು ತಿರುಗಿ ಬರೆಯಬೇಕಾಯಿತು. ಮನೆಯಲ್ಲಿ ಹಟದ ಹುಡುಗಿಯೊಬ್ಬಳು ಇರಬೇಕು. ಹಗಲೂ ರಾತ್ರಿ ಒಂದೇ ನಮೂನೆಯ ಮಾಲು ತೆಗೆಯುವ ದೊಡ್ಡ ಕಾರ್ಖಾನೆಯವರು ಹಣ ಕೊಟ್ಟು ಭರವಸೆ ಕೊಳ್ಳುವುದೇ ವಿವೇಕ. ನಮ್ಮದು ನಾಲ್ಕು ಸಂಸಾರದ ಷೆಡ್ಡು. ನಮಗೆ ಬೇಕಾದ ಭರವಸೆ ಬೇರೆ ತರಹದ್ದು.

ಶಂಕರಾಚಾರ್ಯರು ಸತ್ತ ರಾಜನ ದೇಹವನ್ನು ಹೊಕ್ಕ ಕತೆಯನ್ನು ನಾವೆಲ್ಲ ಕೇಳಿದ್ದೇವೆ. ರಾಜ ಎದ್ದು ಕುಳಿತ, ಆದರೆ ಮಾತು ಬೇರೆ, ನಡತೆ ಬೇರೆ. ಮಂತ್ರಿಗಳಿಗೆ ಅನುಮಾನ ಬಂತು. ಮೇಸ್ತ್ರಿಗೂ ಮೊದಲ ವಾರ ಹಾಗೆಯೇ ಆಯಿತು. ಗುಂಡಿಗಳ ಜಾಗ ಬೇರೆ, ಪರದೆಯ ಬಣ್ಣ ಬೇರೆ. ಆದರೆ ಉಳಿ ಬದಲಿಸುವಾಗ ಅದೇ ‘ಟಕ್’, ಅದೇ ‘ಉಸ್’. ಕಣ್ಣು ಮುಚ್ಚಿ ಕೇಳಿ, “ಇವನೇ,” ಎಂದರು. ಆ ಕತೆಯಲ್ಲಿ ರಾಜನ ಹಳೆಯ ಬುದ್ಧಿ ಏನಾಯಿತೆಂದು ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಹಳೆಯ ಬುದ್ಧಿ ಒಬ್ಬ ಮನುಷ್ಯನ ಕಿವಿಯಲ್ಲಿ ಉಳಿದಿತ್ತು, ಅವನನ್ನು ಕೇಳಿದ್ದರಿಂದ ಹೊಸದರೊಳಗೆ ಬಂತು. ಗುಜರಿಗೆ ಹೋಗುವ ಯಂತ್ರಗಳ ಜೊತೆಗೆ ಇಂಥ ಎಷ್ಟು ಕಿವಿಗಳನ್ನು ನಾವು ಮನೆಗೆ ಕಳಿಸುತ್ತಿದ್ದೇವೋ!

ಈಗ ಬೀರುವಿನ ಬಾಗಿಲ ಒಳಗಡೆ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ ಹನ್ನೊಂದು ಹಾಳೆಗಳನ್ನು ಅಂಟಿಸಿದೆ. ಯಾವ ತಂತಿ ಎಲ್ಲಿಗೆ, ಯಾವ ಅಂಕಿ ಏಕೆ, ತೋಳು ಯಾವ ಕ್ರಮದಲ್ಲಿ ಇಳಿಯಬೇಕು, ಚಳಿಗಾಲದಲ್ಲಿ ಏಕೆ ಅವಸರ ಮಾಡಬಾರದು, ಎಲ್ಲವೂ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿದೆ. “ಇಷ್ಟು ದೊಡ್ಡ ಅಕ್ಷರ ಏಕಮ್ಮ?” ಎಂದು ಕೇಳಿದೆ. “ಮುಂದೆ ಯಾರು ಬಿಚ್ಚುತ್ತಾರೋ ಮಾವ, ಅವರಿಗೆ ಕನ್ನಡಕ ಇರುತ್ತೋ ಇಲ್ಲವೋ,” ಎಂದಳು.